ಮಕ್ಕಳ ರಾತ್ರಿ ಉಡುಪುಗಳ ಅಗ್ನಿಸುರಕ್ಷತಾ ನಿಯಮಗಳು

ಮಕ್ಕಳ ರಾತ್ರಿ ಉಡುಪುಗಳ ಅಗ್ನಿಸುರಕ್ಷತಾ ನಿಯಮಗಳು ಎಂದರೆ ಮಕ್ಕಳು ಮಲಗುವಾಗ ತೊಡುವ ನೈಟ್‌ಗೌನ್, ಪೈಜಾಮ, ನಿಲುವಂಗಿ ಮುಂತಾದ ಉಡುಪುಗಳಿಗೆ ಬೆಂಕಿ ಸುಲಭವಾಗಿ ಹತ್ತದಂತೆ ಹಾಗೂ ಹತ್ತಿದರೂ ವೇಗವಾಗಿ ಹರಡದಂತೆ ನೋಡಿಕೊಳ್ಳಲು ರೂಪಿಸಲಾದ ಕಾನೂನುಬದ್ಧ ಮಾನದಂಡಗಳು. ಇವುಗಳಲ್ಲಿ ಅಮೆರಿಕ ಸಂಯುಕ್ತ ಸಂಸ್ಥಾನದ ನಿಯಮಗಳು ಹೆಚ್ಚು ಚರ್ಚೆಗೆ ಒಳಗಾಗಿವೆ. ಬೆಂಕಿಯಿಂದ ರಕ್ಷಿಸಲು ಬಟ್ಟೆಗೆ ಸೇರಿಸಿದ ರಾಸಾಯನಿಕವೇ ಅಪಾಯಕಾರಿಯೆಂದು ತಿಳಿದುಬಂದದ್ದು, ಅನಂತರ ಬಟ್ಟೆಯ ಗುಣದ ಜೊತೆಗೆ ಉಡುಪಿನ ಅಳತೆಯನ್ನೂ ರಕ್ಷಣೆಯ ಸಾಧನವಾಗಿ ಸ್ವೀಕರಿಸಿದ್ದು ಈ ನಿಯಮಗಳ ಇತಿಹಾಸದ ಮುಖ್ಯ ಘಟ್ಟಗಳಾಗಿವೆ.

ಹಿನ್ನೆಲೆ

1940ರ ದಶಕದಲ್ಲಿ ಅಮೆರಿಕದಲ್ಲಿ ರೇಯಾನ್ ಎಳೆಗಳಿಂದ ತಯಾರಿಸಿದ, ಮೇಲ್ಮೈ ನವಿರಾಗಿ ಎದ್ದಿರುವಂತಹ ಬಟ್ಟೆಗಳು ಜನಪ್ರಿಯವಾಗಿದ್ದವು. ಇಂತಹ ಬಟ್ಟೆಯ ಕೌಬಾಯ್ ವೇಷದ ಉಡುಪುಗಳಿಗೆ ಬೆಂಕಿ ತಗುಲಿ ಮಕ್ಕಳು ಸಾವಿಗೀಡಾದರು. ಇದೇ ಬಗೆಯ ಸ್ವೆಟರುಗಳಿಗೆ 'ಪಂಜಿನ ಸ್ವೆಟರು' ಎಂಬ ಅರ್ಥದ ಹೆಸರೇ ಬಂದಿತು. ಈ ಘಟನೆಗಳ ಪರಿಣಾಮವಾಗಿ 1953ರಲ್ಲಿ ದಹನಶೀಲ ಬಟ್ಟೆಗಳ ಕಾಯಿದೆ ಅಂಗೀಕಾರವಾಯಿತು. ಆದರೆ ಅದು ಅತ್ಯಂತ ಅಪಾಯಕಾರಿಯಾದ ಬಟ್ಟೆಗಳನ್ನು ಮಾತ್ರ ನಿಷೇಧಿಸಿತು. ಸಾಮಾನ್ಯ ಹತ್ತಿ ಬಟ್ಟೆ ಹಾಗೂ ಫ್ಲಾನೆಲ್‌ಗಳು ಅದರ ಪರೀಕ್ಷೆಯಲ್ಲಿ ತೇರ್ಗಡೆಯಾಗುತ್ತಿದ್ದವು.

1967ರಲ್ಲಿ ಕಾಯಿದೆಗೆ ತಿದ್ದುಪಡಿಯಾಗಿ, ಬೇರೆ ಬೇರೆ ಉತ್ಪನ್ನಗಳಿಗೆ ಪ್ರತ್ಯೇಕ ಮಾನದಂಡಗಳನ್ನು ರೂಪಿಸುವ ಅಧಿಕಾರ ಸರ್ಕಾರಕ್ಕೆ ದೊರೆಯಿತು. ಅದರಂತೆ 1971ರಲ್ಲಿ ಎಳೆಯ ಮಕ್ಕಳ (0ಯಿಂದ 6ಎಕ್ಸ್ ಅಳತೆ) ರಾತ್ರಿ ಉಡುಪುಗಳಿಗೂ, 1974ರಲ್ಲಿ ದೊಡ್ಡ ಮಕ್ಕಳ (7ರಿಂದ 14ರ ಅಳತೆ) ಉಡುಪುಗಳಿಗೂ ಮಾನದಂಡಗಳು ಪ್ರಕಟವಾದವು. 1973ರಿಂದ ಇವುಗಳ ಜಾರಿಯ ಹೊಣೆ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗಕ್ಕೆ ಸೇರಿದೆ.

ರಾತ್ರಿ ಉಡುಪುಗಳಿಗೆ ಮಾತ್ರ ಹೆಚ್ಚು ಕಠಿಣವಾದ ನಿಯಮ ಏಕೆಂಬುದಕ್ಕೆ ಕಾರಣಗಳಿವೆ. ಮಕ್ಕಳು ಮಲಗುವ ಮುನ್ನ ಮತ್ತು ಬೆಳಿಗ್ಗೆ ಎದ್ದೊಡನೆ, ಹಿರಿಯರ ಕಣ್ತಪ್ಪಿಸಿ ಬೆಂಕಿಕಡ್ಡಿ, ಲೈಟರ್, ಮೇಣದಬತ್ತಿ, ಒಲೆಗಳ ಬಳಿ ಸುಳಿಯುವ ಸಂಭವ ಹೆಚ್ಚು. ಸಡಿಲವಾದ ಉಡುಪಿನ ಅಂಚು ಅಥವಾ ತೋಳು ಮಗುವಿಗೆ ಅರಿವಾಗುವ ಮೊದಲೇ ಜ್ವಾಲೆಗೆ ತಾಗಬಹುದು. ಉರಿಯುವ ಬಟ್ಟೆಯನ್ನು ಕಳಚಿಹಾಕುವ ಸಾಮರ್ಥ್ಯವೂ ಚಿಕ್ಕ ಮಕ್ಕಳಿಗಿರುವುದಿಲ್ಲ.

ಪರೀಕ್ಷಾ ವಿಧಾನ

ಬಟ್ಟೆಯಿಂದ 8.9 ಸೆಂ.ಮೀ. ಅಗಲ, 25.4 ಸೆಂ.ಮೀ. ಉದ್ದದ ಐದು ತುಂಡುಗಳನ್ನು ಕತ್ತರಿಸಿ, ಒಣಗಿಸಿ, ಒಂದೊಂದನ್ನೇ ಲೋಹದ ಪೆಟ್ಟಿಗೆಯೊಳಗೆ ನೇರವಾಗಿ ತೂಗುಹಾಕಲಾಗುತ್ತದೆ. ಕೆಳಗಿನ ಅಂಚಿಗೆ 3.8 ಸೆಂ.ಮೀ. ಎತ್ತರದ ಅನಿಲಜ್ವಾಲೆಯನ್ನು 3 ಸೆಕೆಂಡುಗಳ ಕಾಲ ತಾಗಿಸಿ ತೆಗೆಯಲಾಗುತ್ತದೆ. ಬೆಂಕಿ ಆರಿದ ಮೇಲೆ ಕರಕಲಾದ ಭಾಗದ ಉದ್ದವನ್ನು ಅಳೆಯುತ್ತಾರೆ. ಐದು ತುಂಡುಗಳ ಸರಾಸರಿ ಕರಕಲು 17.8 ಸೆಂ.ಮೀ.ಗಿಂತ ಹೆಚ್ಚಿರಬಾರದು, ಯಾವುದೇ ತುಂಡು ಪೂರ್ಣ ಉದ್ದಕ್ಕೂ ಸುಟ್ಟಿರಬಾರದು. ಹೊಲಿಗೆ ಮತ್ತು ಅಲಂಕಾರದ ಪಟ್ಟಿಗಳಿಗೂ ಪರೀಕ್ಷೆಯುಂಟು. ಬಟ್ಟೆಯ ನಿರೋಧಕ ಗುಣವು 50 ಬಾರಿ ಒಗೆದ ನಂತರವೂ ಉಳಿದಿರಬೇಕು.

ಸಂಸ್ಕರಿಸದ ಹತ್ತಿ ಈ ಪರೀಕ್ಷೆಯಲ್ಲಿ ತೇರ್ಗಡೆಯಾಗುವುದಿಲ್ಲ. ಪಾಲಿಯೆಸ್ಟರ್ ಬಟ್ಟೆ ಜ್ವಾಲೆಯಿಂದ ಹಿಂದೆಸರಿದು ಕರಗಿ ತೊಟ್ಟಿಕ್ಕುವುದರಿಂದ ರಾಸಾಯನಿಕವಿಲ್ಲದೆಯೂ ಅನೇಕ ವೇಳೆ ತೇರ್ಗಡೆಯಾಗುತ್ತದೆ.

ಟ್ರಿಸ್ ಪ್ರಕರಣ

ನಿಯಮಗಳನ್ನು ಪಾಲಿಸಲು ತಯಾರಕರು 1970ರ ದಶಕದಲ್ಲಿ 'ಟ್ರಿಸ್' ಎಂಬ ಬ್ರೋಮಿನ್‌ಯುಕ್ತ ರಾಸಾಯನಿಕವನ್ನು ಸಂಶ್ಲೇಷಿತ ಬಟ್ಟೆಗಳಿಗೆ ವ್ಯಾಪಕವಾಗಿ ಬಳಸಿದರು. ಜನವರಿ 1977ರಲ್ಲಿ ರಸಾಯನವಿಜ್ಞಾನಿ ಆರ್ಲೀನ್ ಬ್ಲಮ್ ಮತ್ತು ಜೀವರಸಾಯನವಿಜ್ಞಾನಿ ಬ್ರೂಸ್ ಏಮ್ಸ್ ಅವರು 'ಸೈನ್ಸ್' ಪತ್ರಿಕೆಯಲ್ಲಿ ಲೇಖನ ಪ್ರಕಟಿಸಿ, ಟ್ರಿಸ್ ಜೀವಕೋಶಗಳ ವಂಶವಾಹಿಗಳಲ್ಲಿ ವಿಕೃತಿಯನ್ನು ಉಂಟುಮಾಡುತ್ತದೆಂದೂ ಕ್ಯಾನ್ಸರ್‌ಕಾರಕವಾಗಿರಬಹುದೆಂದೂ ಎಚ್ಚರಿಸಿದರು. ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಮೂತ್ರಪಿಂಡದ ಗಡ್ಡೆಗಳು ಕಂಡುಬಂದವು. ಏಪ್ರಿಲ್ 1977ರಲ್ಲಿ ಆಯೋಗವು ಟ್ರಿಸ್ ಬಳಸಿದ ಮಕ್ಕಳ ಉಡುಪುಗಳನ್ನು ನಿಷೇಧಿಸಿತು. ಅಂತಹ ಉಡುಪು ತೊಟ್ಟ ಮಕ್ಕಳ ಮೂತ್ರದಲ್ಲಿ ಟ್ರಿಸ್‌ನಿಂದ ಉಂಟಾಗುವ ಒಂದು ವಸ್ತು ಇರುವುದನ್ನು 1978ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಅಂದರೆ ರಾಸಾಯನಿಕವು ಬಟ್ಟೆಯಿಂದ ಮಕ್ಕಳ ದೇಹವನ್ನು ಸೇರುತ್ತಿತ್ತು. ಬದಲಿಯಾಗಿ ಬಂದ ಕ್ಲೋರಿನ್‌ಯುಕ್ತ ಟ್ರಿಸ್ ಕೂಡ ಇಂತಹುದೇ ಆಕ್ಷೇಪಕ್ಕೆ ಗುರಿಯಾಗಿ ಮಕ್ಕಳ ರಾತ್ರಿ ಉಡುಪುಗಳಿಂದ ಮರೆಯಾಯಿತು.

1996ರ ತಿದ್ದುಪಡಿ

ಟ್ರಿಸ್ ಪ್ರಕರಣದ ನಂತರ ಅನೇಕ ಪೋಷಕರು ಹತ್ತಿಯ ಉಡುಪನ್ನೇ ಬಯಸಿ, ಮಕ್ಕಳನ್ನು ದೊಗಲೆ ಟೀ ಶರ್ಟುಗಳಲ್ಲಿ ಮಲಗಿಸತೊಡಗಿದರು. ಇವು ರಾತ್ರಿ ಉಡುಪುಗಳೆಂದು ಮಾರಾಟವಾಗದ ಕಾರಣ ನಿಯಮದ ವ್ಯಾಪ್ತಿಗೆ ಬರುತ್ತಿರಲಿಲ್ಲ. 1996ರಲ್ಲಿ ಆಯೋಗವು ಎರಡು ಬಗೆಯ ಉಡುಪುಗಳಿಗೆ ಮೇಲಿನ ಪರೀಕ್ಷೆಯಿಂದ ವಿನಾಯಿತಿ ನೀಡಿತು. ಇದು 1 ಜನವರಿ 1997ರಿಂದ ಜಾರಿಗೆ ಬಂದಿತು.

• 9 ತಿಂಗಳು ಅಥವಾ ಅದಕ್ಕಿಂತ ಚಿಕ್ಕ ಅಳತೆಯ ಶಿಶು ಉಡುಪುಗಳು. ಈ ವಯಸ್ಸಿನ ಶಿಶುಗಳು ತಾವಾಗಿ ಬೆಂಕಿಯ ಬಳಿ ಹೋಗಲಾರರು ಎಂಬುದು ಇದಕ್ಕೆ ಆಧಾರ.
• ಮೈಗೆ ಅಂಟಿಕೊಂಡಿರುವ ಬಿಗಿ ಉಡುಪುಗಳು. ಎದೆ, ಸೊಂಟ, ಪೃಷ್ಠ, ಮೇಲ್ದೋಳು, ತೊಡೆ, ಮಣಿಕಟ್ಟು ಮತ್ತು ಕಣಕಾಲುಗಳಲ್ಲಿ ಇವು ನಿಗದಿತ ಅಳತೆಯನ್ನು ಮೀರಬಾರದು. ಲೇಸು, ರಿಬ್ಬನ್ ಮುಂತಾದ ಅಲಂಕಾರಗಳು 6 ಮಿ.ಮೀ.ಗಿಂತ ಹೆಚ್ಚು ಹೊರಚಾಚಬಾರದು.

ಬೆಂಕಿ ಉರಿಯಲು ಗಾಳಿ ಬೇಕು. ಬಿಗಿ ಉಡುಪಿನಲ್ಲಿ ಬಟ್ಟೆಗೂ ಚರ್ಮಕ್ಕೂ ನಡುವೆ ಗಾಳಿಗೆ ಎಡೆ ಕಡಿಮೆ; ಅದು ಜ್ವಾಲೆಗೆ ತಾಗುವ ಸಂಭವವೂ ಕಡಿಮೆ. ಆದರೂ ಈ ವಿನಾಯಿತಿಯನ್ನು ಸುಟ್ಟಗಾಯದ ಚಿಕಿತ್ಸೆಯಲ್ಲಿ ತೊಡಗಿದ್ದ ವೈದ್ಯರು ವಿರೋಧಿಸಿದರು. ಅನಂತರ ಬಿಗಿ ಹತ್ತಿ ಉಡುಪುಗಳಿಗೆ ಹಳದಿ ಬಣ್ಣದ ಚೀಟಿ ಕಡ್ಡಾಯವಾಯಿತು. ಈ ಉಡುಪು ಜ್ವಾಲಾನಿರೋಧಕವಲ್ಲ, ಮಗುವಿನ ಸುರಕ್ಷತೆಗಾಗಿ ಇದು ಮೈಗೆ ಬಿಗಿಯಾಗಿರಬೇಕು, ಸಡಿಲ ಉಡುಪಿಗೆ ಬೆಂಕಿ ಹತ್ತುವ ಸಂಭವ ಹೆಚ್ಚು ಎಂಬುದು ಅದರ ಸಾರ.

ಇತರ ದೇಶಗಳು

ಬ್ರಿಟನ್ನಿನಲ್ಲಿ ಮಕ್ಕಳ ನೈಟ್‌ಡ್ರೆಸ್ಸುಗಳ ಬಗ್ಗೆ 1964ರಲ್ಲಿಯೇ ನಿಯಮ ಬಂದಿತ್ತು. ಅಲ್ಲಿನ 1985ರ ನಿಯಮಗಳ ಪ್ರಕಾರ ಮಕ್ಕಳ ನೈಟ್‌ಡ್ರೆಸ್ ಮತ್ತು ನಿಲುವಂಗಿಗಳು ದಹನ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು. ಪೈಜಾಮ ಮತ್ತು ಶಿಶು ಉಡುಪುಗಳಿಗೆ ಚೀಟಿಯಿದ್ದರೆ ಸಾಕು. ಆಸ್ಟ್ರೇಲಿಯ ಮತ್ತು ನ್ಯೂಜಿಲೆಂಡ್‌ಗಳು ಜಂಟಿ ಮಾನದಂಡವನ್ನು ಅನುಸರಿಸುತ್ತಿದ್ದು, ಹೆಚ್ಚು ಅಪಾಯದ ಉಡುಪುಗಳ ಮೇಲೆ ಕೆಂಪು ಎಚ್ಚರಿಕೆಯ ಚೀಟಿ ಇರುತ್ತದೆ.

ಭಾರತದ ಓದುಗರಿಗೆ ಸಂಬಂಧಿಸಿದ ಅಂಶಗಳು

ಅಮೆರಿಕದ ನಿಯಮಗಳು ಆಮದಾದ ಉಡುಪುಗಳಿಗೂ ಅನ್ವಯಿಸುತ್ತವೆ. ಆದ್ದರಿಂದ ಅಲ್ಲಿನ ಮಾರುಕಟ್ಟೆಗಾಗಿ ಬೆಂಗಳೂರಿನ ಸಿದ್ಧ ಉಡುಪು ಕಾರ್ಖಾನೆಗಳಲ್ಲಿ ಹೊಲಿಯುವ ಮಕ್ಕಳ ರಾತ್ರಿ ಉಡುಪುಗಳೂ ಇವುಗಳಿಗೆ ಒಳಪಡುತ್ತವೆ. ರಫ್ತಿನಲ್ಲಿ ಉಳಿದ ಉಡುಪುಗಳನ್ನು ಇಲ್ಲಿಯೇ ಕೊಳ್ಳುವವರು ಚೀಟಿಯನ್ನು ಓದುವುದು ಉಪಯುಕ್ತ. ಬೆಳೆಯುವ ಮಗುವಿಗೆ ಒಂದು ಅಳತೆ ದೊಡ್ಡದಾದ ಬಟ್ಟೆಯನ್ನು ಕೊಳ್ಳುವುದು ನಮ್ಮಲ್ಲಿ ರೂಢಿ. ಬಿಗಿಯಾಗಿರುವುದೇ ರಕ್ಷಣೆಯಾಗಿರುವ ಹತ್ತಿ ಉಡುಪನ್ನು ಹೀಗೆ ಕೊಂಡರೆ ಆ ರಕ್ಷಣೆ ಇಲ್ಲವಾಗುತ್ತದೆ.

ದೀಪಾವಳಿಯ ಸಮಯದಲ್ಲಿ ಮಕ್ಕಳಿಗೆ ಹತ್ತಿಯ ಬಟ್ಟೆ ತೊಡಿಸಬೇಕೆಂಬ ಸಲಹೆಯಿದೆ. ಹತ್ತಿಯು ಸಂಶ್ಲೇಷಿತ ಬಟ್ಟೆಯಂತೆ ಕರಗಿ ಚರ್ಮಕ್ಕೆ ಅಂಟುವುದಿಲ್ಲ ಎಂಬುದು ಅದರ ಕಾರಣ. ಹತ್ತಿಗೆ ಬೆಂಕಿ ಹತ್ತುವುದಿಲ್ಲವೆಂದು ಅದರ ಅರ್ಥವಲ್ಲ. ಸಡಿಲವಾದ ಹತ್ತಿ ಲಂಗ ಅಥವಾ ನೈಟಿಗೆ ದೀಪ, ಒಲೆಗಳ ಬಳಿ ಬೆಂಕಿ ತಗುಲುವ ಅಪಾಯ ಇದ್ದೇ ಇರುತ್ತದೆ.

ರಾಸಾಯನಿಕವಾಗಿ ಸಂಸ್ಕರಿಸಿದ ಉಡುಪನ್ನು ಚೀಟಿಯಲ್ಲಿ ಸೂಚಿಸಿದಂತೆಯೇ ಒಗೆಯಬೇಕು. ಕ್ಲೋರಿನ್ ಬ್ಲೀಚ್ ಅದರ ನಿರೋಧಕ ಗುಣವನ್ನು ಕುಗ್ಗಿಸಬಹುದು. ಗಡಸು ನೀರಿನಲ್ಲಿ ಸಾಬೂನು ಹಾಕಿ ಒಗೆದಾಗ ಬಟ್ಟೆಯ ಮೇಲೆ ಉಳಿಯುವ ಜಿಗುಟು ಕೂಡ ಇದೇ ಪರಿಣಾಮವನ್ನು ಉಂಟುಮಾಡಬಲ್ಲದು. ಉಡುಪಿಗೆ ಬೆಂಕಿ ಹತ್ತಿದರೆ ಓಡದೆ, ತಕ್ಷಣ ನಿಂತು, ನೆಲಕ್ಕೆ ಒರಗಿ, ಮುಖವನ್ನು ಕೈಗಳಿಂದ ಮುಚ್ಚಿಕೊಂಡು ಹೊರಳಬೇಕೆಂಬುದನ್ನು ಮಕ್ಕಳಿಗೆ ಮೊದಲೇ ಕಲಿಸಿರಬೇಕು. ಸುಟ್ಟ ಭಾಗವನ್ನು ಹರಿಯುವ ತಣ್ಣೀರಿನಲ್ಲಿ 20 ನಿಮಿಷ ತಂಪಾಗಿಸಿ ವೈದ್ಯರ ಬಳಿ ಕರೆದೊಯ್ಯುವುದು ಪ್ರಥಮ ಚಿಕಿತ್ಸೆಯ ಕ್ರಮ.