ಬಾಜಿ ಕಟ್ಟಿದವರು ಸೋತರು!

ಬಾಜಿ ಯಾವುದರ ಮೇಲೆ ಬೇಕಾದರೂ ಕಟ್ತಾರೆ. ಕ್ರಿಕೆಟ್ ಮೇಲೆ, ಕುದುರೆ ಮೇಲೆ, ಚುನಾವಣೆ ಮೇಲೆ. ಆದರೆ 1902ರಲ್ಲಿ ನ್ಯೂಯಾರ್ಕ್ ಜನ ಬಾಜಿ ಕಟ್ಟಿದ್ದು ಒಂದು ಕಟ್ಟಡದ ಮೇಲೆ. ಬೀಳುತ್ತಾ, ಇಲ್ವಾ ಅಂತಲ್ಲ. ಬೀಳೋದು ಗ್ಯಾರಂಟಿ, ಬಿದ್ದಾಗ ಅದರ ಚೂರುಗಳು ಎಷ್ಟು ದೂರ ಹೋಗಿ ಬೀಳುತ್ತವೆ ಅಂತ!

ಆ ಕಟ್ಟಡದ ಹೆಸರು ಫ್ಲಾಟೈರನ್. ಅಂದರೆ ಇಸ್ತ್ರಿ ಪೆಟ್ಟಿಗೆ. ‘ಸ್ಪೈಡರ್‌ಮ್ಯಾನ್’ ಸಿನಿಮಾದಲ್ಲಿ ಪೀಟರ್ ಪಾರ್ಕರ್ ಫೋಟೋ ಮಾರೋಕೆ ಹೋಗುವ ಪತ್ರಿಕಾ ಕಚೇರಿ ನೆನಪಿದೆಯಾ? ಅದೇ ಕಟ್ಟಡ.

ಯಾಕೆ ಈ ಆಕಾರ? 1811ರಲ್ಲಿ ಮ್ಯಾನ್‌ಹಾಟನ್‌ಗೆ ಒಂದು ನಗರ ಯೋಜನೆ ಬಂತು. ರಸ್ತೆಗಳೆಲ್ಲ ಚದುರಂಗದ ಮಣೆಯಂತೆ ನೇರ. ಆದರೆ ಬ್ರಾಡ್‌ವೇ ಅದಕ್ಕಿಂತ ಹಳೆಯ ದಾರಿ. ಅದರ ಕೆಲವು ಭಾಗ ಅಲ್ಲಿನ ಮೂಲನಿವಾಸಿಗಳು ನಡೆದಾಡುತ್ತಿದ್ದ ಹಾದಿ. ಅದು ಮಣೆಯ ಮೇಲೆ ಓರೆಯಾಗಿ ಗೀರಿದ ಗೆರೆಯಂತೆ ಉಳಿಯಿತು. ಅದು ಫಿಫ್ತ್ ಅವೆನ್ಯೂವನ್ನು ದಾಟುವ 23ನೇ ಬೀದಿಯ ಬಳಿ ಒಂದು ತ್ರಿಕೋನ ಜಾಗ ಸೃಷ್ಟಿಯಾಯಿತು. ಕಟ್ಟಡ ಏಳುವ ಮೊದಲೇ ಜನ ಆ ಜಾಗಕ್ಕೆ ಇಸ್ತ್ರಿ ಪೆಟ್ಟಿಗೆ ಅಂತ ಹೆಸರಿಟ್ಟಿದ್ದರು. ಮುಂದೆ ಮಾಲೀಕರು ‘ಫುಲ್ಲರ್ ಬಿಲ್ಡಿಂಗ್’ ಅಂತ ಹೆಸರಿಟ್ಟರೂ ಜನ ಕೇಳಲಿಲ್ಲ.

ಇನ್ನು ಜನರ ಭಯಕ್ಕೆ ಬರೋಣ. ಅವರೇನೂ ದಡ್ಡರಲ್ಲ. ಇಂಜಿನಿಯರಿಂಗ್ ಓದಿದವನಾಗಿ ಈ ಲೆಕ್ಕ ನನಗೆ ತುಂಬಾ ಇಷ್ಟ. ವಾಸ್ತುಶಿಲ್ಪಿ ಡೇನಿಯಲ್ ಬರ್ನ್‌ಹ್ಯಾಮ್ ಅವರ ಸಂಸ್ಥೆಯೇ 1891ರಲ್ಲಿ ಶಿಕಾಗೋದಲ್ಲಿ ಮೊನಾಡ್ನಾಕ್ ಅನ್ನೋ 16 ಮಹಡಿಯ ಕಟ್ಟಡ ಕಟ್ಟಿತ್ತು. ಇಟ್ಟಿಗೆ ಗೋಡೆಯೇ ಭಾರ ಹೊರಬೇಕು. ಹಾಗಾಗಿ ಬುಡದಲ್ಲಿ ಗೋಡೆಯ ದಪ್ಪ 6 ಅಡಿ! ಫ್ಲಾಟೈರನ್‌ನ ಚೂಪಾದ ತುದಿಯ ಅಗಲ ಸುಮಾರು ಆರೂವರೆ ಅಡಿ. ಎರಡೂ ಕಡೆ ಆರಾರು ಅಡಿ ಗೋಡೆ ಎಬ್ಬಿಸಿದರೆ ಒಳಗೆ ಏನು ಉಳಿಯುತ್ತೆ? ಕುರ್ಚಿ ಹಾಕೋಕೂ ಜಾಗ ಇಲ್ಲ.

ಉತ್ತರ ಉಕ್ಕಿನಲ್ಲಿತ್ತು. 1892ರಲ್ಲಿ ನ್ಯೂಯಾರ್ಕ್‌ನ ಕಟ್ಟಡ ನಿಯಮ ಬದಲಾಗಿ ಉಕ್ಕಿನ ಚೌಕಟ್ಟಿಗೆ ದಾರಿ ಸುಲಭವಾಗಿತ್ತು. ಭಾರವನ್ನೆಲ್ಲ ಅಸ್ಥಿಪಂಜರ ಹೊರುತ್ತೆ, ಗೋಡೆ ಬರೀ ಹೊದಿಕೆ. ಗಾಳಿ? ನಿರೀಕ್ಷಿತ ಒತ್ತಡದ ನಾಲ್ಕು ಪಟ್ಟು ತಡೆಯುವಂತೆ ಇಂಜಿನಿಯರ್ ಕೋರಿಡನ್ ಪರ್ಡಿ ಚೌಕಟ್ಟು ರೂಪಿಸಿದರು. ಜನ ‘ಬರ್ನ್‌ಹ್ಯಾಮ್‌ನ ಹುಚ್ಚಾಟ’ ಅಂತ ನಕ್ಕರು. 285 ಅಡಿಯ ಕಟ್ಟಡ ಅಲುಗಾಡದೆ ನಿಂತಿತು.

ಹಾಗಂತ ಇದೇ ಮೊದಲನೆಯದಲ್ಲ. ಅಟ್ಲಾಂಟಾದಲ್ಲಿ 11 ಮಹಡಿಯ ಇಂಥದ್ದೇ ಕಟ್ಟಡ 1897ರಲ್ಲೇ ಎದ್ದಿತ್ತು. ಸ್ಯಾನ್ ಫ್ರಾನ್ಸಿಸ್ಕೋದ ಸೆಂಟಿನೆಲ್ ಬಿಲ್ಡಿಂಗ್ ಕಥೆ ಇನ್ನೂ ರೋಚಕ. ಕೆಲಸ ನಡೆಯುತ್ತಿದ್ದಾಗಲೇ 1906ರ ಮಹಾ ಭೂಕಂಪ ಊರನ್ನೇ ಕೆಡವಿತು. ಆದರೂ 1907ರಲ್ಲಿ ಆ ಕಟ್ಟಡ ಪೂರ್ಣಗೊಂಡಿತು. ಎರಡೂ ಇವತ್ತಿಗೂ ನಿಂತಿವೆ.

ಆದರೆ ವೀಕ್ಷಕರೇ, ಗಾಳಿಗೆ ಬಗ್ಗದ ಫ್ಲಾಟೈರನ್‌ಗೆ ಬೇರೆಯದೇ ಕಷ್ಟ ಬಂತು. 2019ರಲ್ಲಿ ಅಲ್ಲಿದ್ದ ಪುಸ್ತಕ ಪ್ರಕಾಶನ ಸಂಸ್ಥೆ ಖಾಲಿ ಮಾಡಿತು. ಮಾಲೀಕರಲ್ಲೇ ಜಗಳ. 2023ರ ಮಾರ್ಚ್‌ನಲ್ಲಿ ಹರಾಜಾಯಿತು. 19 ಕೋಟಿ ಡಾಲರ್‌ಗೆ ಕೂಗಿದವರು ಮುಂಗಡವನ್ನೇ ಕಟ್ಟಲಿಲ್ಲ! ಮೇ ತಿಂಗಳಲ್ಲಿ ಮರುಹರಾಜು, 16.1 ಕೋಟಿ ಡಾಲರ್. ಕಚೇರಿಗಳಿದ್ದ ಜಾಗವನ್ನು ಈಗ ಮನೆಗಳಾಗಿ ಪರಿವರ್ತಿಸುವ ಯೋಜನೆ.

1966ರಲ್ಲೇ ನಗರ ಇದನ್ನು ಸಂರಕ್ಷಿತ ಕಟ್ಟಡ ಅಂತ ಘೋಷಿಸಿದ್ದರಿಂದ ಹೊರರೂಪ ಮನಸೋ ಇಚ್ಛೆ ಬದಲಿಸುವಂತಿಲ್ಲ. ನೋಡಿ, ಕಟ್ಟಡವನ್ನು ನಿಲ್ಲಿಸಿದ್ದು ಇಂಜಿನಿಯರ್‌ನ ಲೆಕ್ಕ. ಉಳಿಸಿದ್ದು ಕಾನೂನು. ಎರಡರಲ್ಲಿ ಒಂದು ಕೈಕೊಟ್ಟಿದ್ದರೂ, ಬಾಜಿ ಕಟ್ಟಿದವರು ಗೆದ್ದಿರುತ್ತಿದ್ದರು.