ತಿಪ್ಪೆ ಎಂಬ ಮಾತು

ತಪ್ಪು ಮುಚ್ಚಿಹಾಕಿದವನನ್ನು ಕಂಡರೆ ‘ತಿಪ್ಪೆ ಸಾರಿಸ್ತಾನೆ’ ಅನ್ನುತ್ತೇವೆ. ರಸ್ತೆ ಬದಿ ಪ್ಲಾಸ್ಟಿಕ್ ರಾಶಿ ಬಿದ್ದಿದ್ದರೆ ‘ಊರೆಲ್ಲ ತಿಪ್ಪೆ ಮಾಡಿದ್ದಾರೆ’ ಅನ್ನುತ್ತೇವೆ. ಹೀಗೆ ನಾವು ದಿನಾ ಬೈಗುಳವಾಗಿ ಬಳಸುವ ಈ ಮಾತು ನನ್ನಜ್ಜಿಯ ಬಾಯಲ್ಲಿ ಒಂದು ಸಲವೂ ಹಾಗೆ ಬಂದದ್ದನ್ನು ನಾನು ಕೇಳಿಲ್ಲ. ನಾಗಮಂಗಲ ಸೀಮೆಯ ಅವಳ ಊರಲ್ಲಿ ತಿಪ್ಪೆ ಅಂದರೆ ಆಸ್ತಿ. ಹೆಣ್ಣು ಕೊಡುವವರು ಗಂಡಿನ ಊರಿಗೆ ಬಂದರೆ ಪಡಸಾಲೆ ಹತ್ತುವ ಮುಂಚೆ ತಿಪ್ಪೆ ನೋಡುತ್ತಿದ್ದರಂತೆ. ತಿಪ್ಪೆ ದೊಡ್ಡದಿದ್ದರೆ ದನ ಜಾಸ್ತಿ, ದನ ಜಾಸ್ತಿ ಇದ್ದರೆ ಹೊಲದಲ್ಲಿ ಸಾರ, ಸಾರ ಇದ್ದರೆ ಮನೆಯಲ್ಲಿ ರಾಗಿ. ಬಾಯಿಬಿಟ್ಟು ಕೇಳಲಾಗದ್ದನ್ನೆಲ್ಲ ತಿಪ್ಪೆ ಹೇಳಿಬಿಡುತ್ತಿತ್ತು.

ಹುಟ್ಟಿದ ಮಕ್ಕಳು ಉಳಿಯದ ಮನೆಯಲ್ಲಿ ಮುಂದಿನ ಕೂಸನ್ನು ತಿಪ್ಪೆಯ ಮೇಲೆ ಮಲಗಿಸಿ ಎತ್ತಿಕೊಂಡು ತಿಪ್ಪಯ್ಯ, ತಿಪ್ಪಮ್ಮ ಅಂತ ಹೆಸರಿಡುತ್ತಿದ್ದರು. ಸಾವಿನ ಕಣ್ಣಿಗೆ ಕೂಸು ಕಸದಂತೆ ಕಾಣಲಿ ಅಂತ ಹಾಗೆ ಮಾಡುತ್ತಿದ್ದರು ಎಂದು ಎಲ್ಲರೂ ಹೇಳುತ್ತಾರೆ. ನನಗೆ ಅದು ಅರ್ಧ ಮಾತು ಅನ್ನಿಸುತ್ತದೆ. ಸತ್ತ ಎಲೆ, ಉಳಿದ ಮೇವು, ಒಲೆಯ ಬೂದಿ ಎಲ್ಲ ಹೋಗಿ ಬಿದ್ದು ಮತ್ತೆ ಪೈರಾಗಿ ಏಳುವ ಜಾಗ ಊರಲ್ಲಿ ಅದೊಂದೇ. ಅಲ್ಲಿಂದ ಎತ್ತಿಕೊಂಡ ಜೀವ ಉಳಿಯುತ್ತದೆ ಎಂಬ ನಂಬಿಕೆಯೂ ಆ ಹೆಸರಿನಲ್ಲಿ ಇದ್ದಿರಬೇಕು.

ಸಂಕ್ರಾಂತಿ ಕಳೆದು ಗೊಬ್ಬರ ಹೊಡೆಯುವ ಕಾಲಕ್ಕೆ ಬೆಳಗಿನ ಚಳಿಯಲ್ಲಿ ತಿಪ್ಪೆ ಬಗೆಯುವಾಗ ಹತ್ತಿರ ನಿಂತು ನೋಡಬೇಕು. ಗುದ್ದಲಿ ಬಿದ್ದ ಕಡೆಯಿಂದ ಹಬೆ ಏಳುತ್ತದೆ. ಕೈಯಿಟ್ಟರೆ ಬಿಸಿ. ಮೇಲೆ ಹುಲ್ಲು ಇನ್ನೂ ಹುಲ್ಲಾಗಿಯೇ ಇದೆ. ಮೊಳದಷ್ಟು ಕೆಳಗೆ ಬೂಷ್ಟಿನ ಬಿಳಿ ಎಳೆಗಳು. ಅದಕ್ಕೂ ಕೆಳಗೆ ಕಪ್ಪನೆಯ ಪುಡಿ; ಹಿಡಿದರೆ ಉಂಡೆ ಕಟ್ಟುತ್ತದೆ, ಬೆರಳು ಸಡಿಲಿಸಿ ಮುಟ್ಟಿದರೆ ಉದುರುತ್ತದೆ. ಅಲ್ಲಿ ಸಗಣಿಯ ನಾತವಿಲ್ಲ, ಮೊದಲ ಮಳೆ ಬಿದ್ದ ಹೊಲದ ವಾಸನೆ. ಹೆಬ್ಬೆರಳು ಗಾತ್ರದ ಬಿಳಿ ಹುಳು ಸುರುಳಿ ಸುತ್ತಿಕೊಂಡು ಉರುಳುತ್ತದೆ. ಕೆ.ಆರ್. ಪೇಟೆ ಕಡೆಯ ತೆಂಗಿನವರು ಇದನ್ನು ಆರಿಸಿ ಸಾಯಿಸುತ್ತಾರೆ, ಏಕೆಂದರೆ ತೆಂಗಿನ ಸುಳಿ ಕೊರೆಯುವ ಕುರುವಾಯಿ ದುಂಬಿಯ ಮರಿಹುಳು ಬೆಳೆಯುವುದು ತಿಪ್ಪೆಯಂಥ ಜಾಗದಲ್ಲೇ.

ಟಿಪ್ಪು ಮಡಿದ ಮರುವರ್ಷ, 1800ರಲ್ಲಿ, ಶ್ರೀರಂಗಪಟ್ಟಣದ ಸುತ್ತ ತಿರುಗಾಡಿದ ಈಸ್ಟ್ ಇಂಡಿಯಾ ಕಂಪನಿಯ ಸಮೀಕ್ಷಕ ಫ್ರಾನ್ಸಿಸ್ ಬುಕಾನನ್ ಇಲ್ಲಿನ ರೈತರು ಗುಂಡಿ ತೋಡಿ ಸಗಣಿ, ಕೊಟ್ಟಿಗೆಯ ಕಸ, ಬೂದಿ ತುಂಬಿ ಗೊಬ್ಬರ ಮಾಡುವುದನ್ನು ಬರೆದುಕೊಂಡಿದ್ದ. ಅದೇ ಪಟ್ಟಣದಲ್ಲಿ ಟಿಪ್ಪುವಿನ ಶಸ್ತ್ರಾಗಾರವೊಂದಿದೆ. ಅಂಥ ಕಟ್ಟಡಗಳಲ್ಲಿ ತುಂಬಿಡುತ್ತಿದ್ದ ಮದ್ದಿನ ಮುಖ್ಯ ಸರಕು ಪೆಟ್ಲುಪ್ಪು. ಗಂಜಲ ಕುಡಿದ ಮಣ್ಣಿನಲ್ಲಿ ಸೂಕ್ಷ್ಮಜೀವಿಗಳು ಸಾರಜನಕವನ್ನು ನೈಟ್ರೇಟ್ ಮಾಡಿದ ಮೇಲೆ ಆ ಮಣ್ಣನ್ನು ತೊಳೆದು, ಬೂದಿ ಸೇರಿಸಿ, ಕಾಯಿಸಿ ತೆಗೆಯುವ ಉಪ್ಪು ಅದು. ಪೈರಿಗೆ ಹೋಗುವ ಸಾರವೂ ಟಿಪ್ಪುವಿನ ರಾಕೆಟ್ಟಿಗೆ ಹೋಗುವ ಬಲವೂ ಒಂದೇ ಕೊಟ್ಟಿಗೆಯಿಂದ ಬರುತ್ತಿದ್ದವು.

ಈಗ ಪಾಂಡವಪುರದ ಕಡೆ ಜುಲೈ ತಿಂಗಳಲ್ಲಿ ‘ಗೊಬ್ಬರ ಬಂತಾ?’ ಅಂತ ಯಾರಾದರೂ ಕೇಳಿದರೆ ಅವರು ಕೇಳುತ್ತಿರುವುದು ಯೂರಿಯಾ ಲಾರಿಯನ್ನು. ‘ಗೊಬ್ಬರ’ದಲ್ಲಿ ಗೋವಿನ ವಾಸನೆ ಇನ್ನೂ ಇದೆ, ಹಿಂದಿಯ ‘ಗೋಬರ್’ ಅದರ ನಂಟ. ಆದರೂ ಮಾತು ಕೊಟ್ಟಿಗೆ ಬಿಟ್ಟು ಅಂಗಡಿಗೆ ಹೋಯಿತು. ಮೊದಮೊದಲು ‘ಸರ್ಕಾರಿ ಗೊಬ್ಬರ’ ಅಂತ ಬೇರೆ ಮಾಡಿ ಹೇಳುತ್ತಿದ್ದರು. ಬರಬರುತ್ತಾ ಸರ್ಕಾರಿ ಬಿದ್ದುಹೋಗಿ ಚೀಲವೇ ಗೊಬ್ಬರವಾಯಿತು. ನಿಜವಾದ ಗೊಬ್ಬರಕ್ಕೆ ‘ಕೊಟ್ಟಿಗೆ ಗೊಬ್ಬರ’ ಅಂತ ಗುರುತು ಹಚ್ಚಬೇಕಾಯಿತು. ನಾಲೆ ಬಂದು ಭತ್ತ, ಕಬ್ಬು ಹೆಚ್ಚಿದವು, ಟ್ರ್ಯಾಕ್ಟರ್ ಬಂದು ಎತ್ತು ಹೋದವು. ಒಂದು ಚೀಲ ಯೂರಿಯಾ 45 ಕಿಲೋ, ಅದರಲ್ಲಿ ನೂರಕ್ಕೆ 46 ಪಾಲು ಸಾರಜನಕ, ಅಂದರೆ ಸುಮಾರು 20 ಕಿಲೋ. ಕೊಟ್ಟಿಗೆ ಗೊಬ್ಬರದಲ್ಲಿ ನೂರಕ್ಕೆ ಅರ್ಧ ಪಾಲು. ಅಷ್ಟೇ ಸಾರಜನಕಕ್ಕೆ 4 ಟನ್ ಬೇಕು, ಬಂಡಿಗೆ ಅರ್ಧ ಟನ್ನೆಂದರೂ 8 ಬಂಡಿ. ಹೆಗಲ ಮೇಲೆ ಒಂದು ಚೀಲ ಹೊತ್ತು ಹೋಗುವ ರೈತನನ್ನು ನಾನು ದೂರಲಾರೆ. ಆದರೆ ಆ 8 ಬಂಡಿಯಲ್ಲಿ ಮಣ್ಣಿನ ಜೀವಿಗಳಿಗೆ ಊಟ ಇತ್ತು, ನೀರು ಹಿಡಿಯುವ ಗುಣ ಇತ್ತು, ಸತು, ಗಂಧಕ ಇತ್ತು. ಚೀಲದಲ್ಲಿ ಇದ್ಯಾವುದೂ ಬರುವುದಿಲ್ಲ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಲ್ಲಿ 1978ರಿಂದ ಮಳೆಯಾಶ್ರಿತ ರಾಗಿ ಬೆಳೆಯುತ್ತಾ ನಡೆಸಿದ ಪ್ರಯೋಗದಲ್ಲಿ ಇಳುವರಿ ಕುಸಿಯದೆ ನಿಂತದ್ದು ಚೀಲದ ಗೊಬ್ಬರದ ಜೊತೆ ಕೊಟ್ಟಿಗೆ ಗೊಬ್ಬರವನ್ನೂ ಕೊಟ್ಟ ತಾಕಿನಲ್ಲಿ.

ನಾಗಮಂಗಲದ ಕೆಂಪು ಮಣ್ಣಿನ ಹೊಲಗಳಿಗೆ ನಾಲೆಯ ನೀರಿರಲಿಲ್ಲ. ಅಲ್ಲಿ ರಾಗಿಯ ಸಾಲುಗಳ ನಡುವೆ ಅಕ್ಕಡಿಯಾಗಿ ಅವರೆ, ಅಲಸಂದೆ ಹಾಕುತ್ತಾರೆ. ಹೂವಿಗೆ ಬಂದ ಅವರೆ ಗಿಡವೊಂದನ್ನು ಮಣ್ಣು ಸಡಿಲಿಸಿ ಮೆತ್ತಗೆ ಕಿತ್ತು ನೋಡಿ. ಬೇರಿನ ತುಂಬ ರಾಗಿ ಕಾಳಿಗಿಂತ ದಪ್ಪನೆಯ ಗಂಟುಗಳು. ಒಂದನ್ನು ಉಗುರಿನಿಂದ ಸೀಳಿದರೆ ಒಳಗೆ ಹಸಿ ಮಾಂಸದ ಕೆಂಪು. ನಮ್ಮ ರಕ್ತದ ಹಿಮೋಗ್ಲೋಬಿನ್ನಿಗೆ ನಂಟಸ್ತಿಕೆಯ ವಸ್ತು ಕೊಟ್ಟ ಬಣ್ಣ ಅದು. ಕೆಂಪಿದ್ದರೆ ಒಳಗಿನ ರೈಜೋಬಿಯಂ ಎಂಬ ಸೂಕ್ಷ್ಮಜೀವಿ ದುಡಿಯುತ್ತಿದೆ ಅಂತ ಅರ್ಥ. ಬಿಳಿಯೋ ಹಸಿರೋ ಇದ್ದರೆ ಇಲ್ಲ. ಗಾಳಿಯ ನೂರಕ್ಕೆ 78 ಪಾಲು ಸಾರಜನಕವೇ ಆದರೂ ಗಿಡಕ್ಕೆ ಅದು ನೇರವಾಗಿ ದಕ್ಕದು. ಕಾರ್ಖಾನೆಯಲ್ಲಿ ಅದನ್ನು ಅಮೋನಿಯಾ ಮಾಡಲು 400 ಡಿಗ್ರಿಗೂ ಮೇಲಿನ ಕಾವು, ಗಾಳಿಯ ನೂರಾರು ಪಟ್ಟು ಒತ್ತಡ ಬೇಕು. ಅವರೆಯ ಬೇರಿನ ಗಂಟು ಅದನ್ನು ಹೊಲದ ತಂಪಿನಲ್ಲೇ ಮಾಡುತ್ತದೆ. ವಿಜ್ಞಾನಿ ಮಾರ್ಟಿನಸ್ ಬೈಯರಿಂಕ್ ಗಂಟಿನೊಳಗಿನ ಈ ಜೀವಿಯನ್ನು ಬೇರ್ಪಡಿಸಿ ತೋರಿಸಿದ್ದು 1888ರಲ್ಲಿ. ಅಕ್ಕಡಿ ಹಾಕಿದವರಿಗೆ ಜೀವಿಯ ಹೆಸರು ಗೊತ್ತಿರಲಿಲ್ಲ, ಮುಂದಿನ ವರ್ಷ ಆ ಸಾಲಿನಲ್ಲಿ ರಾಗಿ ಕಪ್ಪಗೆ ಬರುವುದು ಗೊತ್ತಿತ್ತು.

ಅಂಥ ಜೀವಿಗಳೇ ಈಗ ಪೊಟ್ಟಣದಲ್ಲಿ ಸಿಗುತ್ತವೆ. ಬೆಲ್ಲದ ನೀರಿನಲ್ಲಿ ಕಲಸಿ ಬೀಜಕ್ಕೆ ಹಚ್ಚಿ ನೆರಳಲ್ಲಿ ಆರಿಸಿ ಬಿತ್ತಬೇಕು. ರಾಗಿಗೆ ಅಜೋಸ್ಪಿರಿಲಂ, ಕಾಳುಗಳಿಗೆ ರೈಜೋಬಿಯಂ. ಇದಕ್ಕೆ ‘ಜೈವಿಕ ಗೊಬ್ಬರ’ ಅಂತ ಹೆಸರಿಟ್ಟದ್ದು ನನಗೆ ಒಪ್ಪಿಗೆಯಿಲ್ಲ. ಗೊಬ್ಬರ ಅಂದಕೂಡಲೇ ಚೀಲದಂತೆ ಎರಚುತ್ತಾರೆ, ಬಿಸಿಲಲ್ಲಿಡುತ್ತಾರೆ, ಯೂರಿಯಾ ಜೊತೆ ಬೆರೆಸುತ್ತಾರೆ, ಆಮೇಲೆ ‘ಕೆಲಸ ಮಾಡ್ಲಿಲ್ಲ’ ಅನ್ನುತ್ತಾರೆ. ಇದನ್ನು ಹೆಪ್ಪು ಅನ್ನಬೇಕಿತ್ತು. ಹೆಪ್ಪು ಅಂದಿದ್ದರೆ ನಮ್ಮ ಹೆಣ್ಣುಮಕ್ಕಳಿಗೆ ವಿವರಿಸುವುದೇ ಬೇಡ: ಜೀವ ಇರುವ ವಸ್ತು, ಚಿಟಿಕೆ ಸಾಕು, ಕುದಿಯುವುದಕ್ಕೆ ಹಾಕಿದರೆ ಸಾಯುತ್ತದೆ, ಬರೀ ನೀರಿಗೆ ಹಾಕಿದರೆ ಮೊಸರಾಗುವುದಿಲ್ಲ. ಹಾಲು ಬೇಕು. ಹೊಲಕ್ಕೆ ಆ ಹಾಲು ತಿಪ್ಪೆಯದು. ಪೊಟ್ಟಣವನ್ನು ಕಳಿತ ಕೊಟ್ಟಿಗೆ ಗೊಬ್ಬರದಲ್ಲಿ ಕಲಸಿ ಹಾಕಿ ಅಂತ ಕೃಷಿ ಇಲಾಖೆಯವರು ಹೇಳುವುದೂ ಇದಕ್ಕೇ.

ದೀಪಾವಳಿಯ ಸಂಜೆ ಹೊಸಿಲು, ಕೊಟ್ಟಿಗೆ ಆದ ಮೇಲೆ ತಿಪ್ಪೆಗೂ ಒಂದು ಹಣತೆ ಇಡುವುದು ನಮ್ಮ ಕಡೆಯ ರೂಢಿ. ಕಳೆದ ಸಲ ಊರಿಗೆ ಹೋದಾಗ ನಮ್ಮ ತಿಪ್ಪೆ ಇದ್ದ ಜಾಗದಲ್ಲಿ ಕಾರು ನಿಲ್ಲಿಸುವ ಸಿಮೆಂಟು ನೆಲ ಆಗಿತ್ತು. ದನ ಮಾರಿ ಮೂರು ವರ್ಷ. ಅತ್ತೆ ಹಣತೆಗಳನ್ನು ಎಣಿಸಿ ಎಣ್ಣೆ ಹಾಕಿದರು, ಲೆಕ್ಕದಲ್ಲಿ ತಿಪ್ಪೆಯದೂ ಇತ್ತು. ಅದನ್ನು ಸೆರಗಿನ ಮರೆಯಲ್ಲಿ ಹಿಡಿದುಕೊಂಡು ಓಣಿ ದಾಟಿದರು. ಎರಡು ಎಮ್ಮೆ ಉಳಿಸಿಕೊಂಡಿದ್ದ ಕೊನೆಮನೆಯವರ ತಿಪ್ಪೆಯ ಮೇಲೆ ಆಗಲೇ ಒಂದು ದೀಪ ಉರಿಯುತ್ತಿತ್ತು. ಅದರ ಪಕ್ಕದಲ್ಲೇ ತಾವು ತಂದದ್ದನ್ನೂ ಇಟ್ಟರು.