ರೇಷ್ಮೆ ಬೇಯಿಸಿದ ನೀರು

ಚಳ್ಳಕೆರೆ ಎಂದರೆ ಶೇಂಗಾ ಎಣ್ಣೆ, ಮೊಳಕಾಲ್ಮೂರು ಎಂದರೆ ರೇಷ್ಮೆ ಸೀರೆ. ಚಿತ್ರದುರ್ಗ ಜಿಲ್ಲೆಯ ಈ ನೆರೆಹೊರೆಯ ಊರುಗಳ ಕಸುಬಿಗೂ, ಔಷಧವನ್ನು ರೋಗವಿರುವೆಡೆಗೆ ಹೊತ್ತೊಯ್ಯುವ ನ್ಯಾನೋಕಣಗಳಿಗೂ ಎಲ್ಲಿಯ ನಂಟು ಎಂದು ನೀವು ಕೇಳಬಹುದು.

ಎಣ್ಣೆಯಿಂದಲೇ ಆರಂಭಿಸೋಣ. ಗಾಣದ ಹಿಂಡಿಯಲ್ಲಿ ಉಳಿದ ಎಣ್ಣೆಯನ್ನೂ ತೆಗೆಯಬೇಕಾದರೆ ಹೆಕ್ಸೇನ್ ಎಂಬ ದ್ರಾವಕದಲ್ಲಿ ಕರಗಿಸಿ, ಆಮೇಲೆ ಆ ದ್ರಾವಕವನ್ನು ಕಾಯಿಸಿ ಹಾರಿಸಬೇಕು. ಇಳುವರಿ ಹೆಚ್ಚು, ಬೆಂಕಿಯ ಭಯ, ಶೇಷದ ಭಯ ಜೊತೆಗೇ ಬರುತ್ತವೆ.

ಇನ್ನು ರೇಷ್ಮೆ. ಹುಳು ನೂಲುವ ಎಳೆಯ ಒಳಗೆ ಫೈಬ್ರಾಯಿನ್ ಎಂಬ ಪ್ರೋಟೀನು, ಅದರ ಮೇಲೆ ಸೆರಿಸಿನ್ ಎಂಬ ಅಂಟು. ಅಂಟಿನದು ಸುಮಾರು ಕಾಲು ಪಾಲು. ಬಣ್ಣ ಚೆನ್ನಾಗಿ ಹಿಡಿಯಲು ಕಚ್ಚಾ ನೂಲನ್ನು ಸೋಪು, ಸೋಡಾ ಹಾಕಿದ ನೀರಿನಲ್ಲಿ ಬೇಯಿಸಿ ಅಂಟು ಬಿಡಿಸುತ್ತಾರೆ. ಸೀರೆಯ ಅಂಚು, ಬುಟ್ಟಾಗಳನ್ನು ಚಿತ್ರೀಕರಿಸುವ ನಮ್ಮಂಥವರು ಕ್ಯಾಮೆರಾವನ್ನು ಈ ಹಂಡೆಯತ್ತ ತಿರುಗಿಸುವುದು ಕಡಿಮೆ. 1865ರಲ್ಲಿ ಎಮಿಲ್ ಕ್ರಾಮರ್ ಈ ಅಂಟಿನಿಂದಲೇ ಸೆರೀನ್ ಎಂಬ ಅಮೈನೋ ಆಮ್ಲವನ್ನು ಬೇರ್ಪಡಿಸಿದ್ದ.

ಫೈಬ್ರಾಯಿನ್ನಿನ ಕಥೆ ಈಚಿನದು. ದೇಹ ಅದನ್ನು ನಿಧಾನವಾಗಿ ಅರಗಿಸಿಕೊಳ್ಳುವುದರಿಂದ ಔಷಧ ಹೊರಿಸಲು ಅದು ಒಗ್ಗುತ್ತದೆ. 2007ರಲ್ಲಿ ಚೀನಾದ ಸಂಶೋಧಕರು ಅಂಟು ತೆಗೆದ ರೇಷ್ಮೆಯನ್ನು ಕರಗಿಸಿ, ಅಸಿಟೋನ್‌ನಂಥ ದ್ರಾವಕಕ್ಕೆ ಬೆರೆಸಿ, 35ರಿಂದ 125 ನ್ಯಾನೋಮೀಟರಿನ ಕಣಗಳನ್ನು ಪಡೆದರು. (ಒಂದು ಮಿಲಿಮೀಟರಿಗೆ ಹತ್ತು ಲಕ್ಷ ನ್ಯಾನೋಮೀಟರ್.) ಹೆಕ್ಸೇನಿನ ಚಿಂತೆಯೇ ಇಲ್ಲೂ. 2010ರಲ್ಲಿ ಜರ್ಮನಿ, ಅಮೆರಿಕಗಳ ವಿಜ್ಞಾನಿಗಳು ಅಸಿಟೋನನ್ನು ಬಿಟ್ಟು, ಪೊಟ್ಯಾಸಿಯಂ ಫಾಸ್ಫೇಟ್ ಕರಗಿಸಿದ ನೀರಿನಲ್ಲೇ ಕಣ ಕಟ್ಟಿದರು. ಹಸಿರು ಹಾದಿಯೇನೋ ನಿಜ; ಆದರೆ ಕಣಗಳ ಗಾತ್ರ 500ರಿಂದ 2,000 ನ್ಯಾನೋಮೀಟರ್! ನ್ಯಾನೋ ಎನ್ನಲು ನನಗಂತೂ ಸಂಕೋಚ.

ಹಸಿರಿನ ಲೆಕ್ಕವನ್ನು ಕೊನೆಯ ಸೀಸೆಯಿಂದ ಹಿಡಿದರೆ ಸಾಲದು, ಮೊದಲ ಹಂಡೆಯಿಂದ ಹಿಡಿಯಬೇಕು. ಫೈಬ್ರಾಯಿನ್ ಬೇಕಾದ ಪ್ರಯೋಗಶಾಲೆಯೂ ಸಾಮಾನ್ಯವಾಗಿ ಸೋಡಾ ನೀರಿನಲ್ಲೇ ರೇಷ್ಮೆ ಬೇಯಿಸಿ ಅಂಟನ್ನು ಚೆಲ್ಲುತ್ತದೆ. ಆ ಅಂಟಿಗೂ ಕೆಲಸವಿದೆ: 2009ರಲ್ಲಿ ಖರಗ್‌ಪುರದ ಐಐಟಿಯ ಬಿಮನ್ ಮಂಡಲ್ ಮತ್ತು ಸುಭಾಸ್ ಕುಂಡು ಸೆರಿಸಿನ್‌ಗೆ ಪೊಲಾಕ್ಸಮರ್ ಎಂಬ ಪಾಲಿಮರ್ ಕೂಡಿಸಿ ಔಷಧ ಹೊರುವ ನ್ಯಾನೋಕಣ ತಯಾರಿಸಿ ತೋರಿಸಿದರು. ನೇಕಾರರ ಹಂಡೆಯ ನೀರನ್ನು ಹಾಗೆಯೇ ಬಳಸಲಾಗದು. ಸೋಪು, ಸೋಡಾ ಬೆರೆತಿರುತ್ತದೆ. ಪ್ರೆಷರ್ ಕುಕ್ಕರಿನಲ್ಲಿ ಬೇಯಿಸಿದಂತೆ, ಒತ್ತಡದಲ್ಲಿ ಬರೀ ನೀರಿನಿಂದಲೂ ಅಂಟು ಬಿಡುತ್ತದೆ. ಆಗ ಉಳಿಯುವ ನೀರಿನಲ್ಲಿ ಸೆರಿಸಿನ್ ಹೊರತು ಹೆಚ್ಚೇನೂ ಇರುವುದಿಲ್ಲ.